ನಮ್ಮಕ್ಕ ಕಾರಿನಿಂದಿಳಿದು ಟೀಚರಾಗಿದ್ದು

ನಮ್ಮಕ್ಕ ಒಂಬತ್ತು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸಿದಳು. ಅವಳ ಕಾಲ ಕೆಳಗೂ ಒಂದು ಬ್ರೇಕ್ ಇದ್ದ ಆ ಪುಟ್ಟ ಬಿಳಿ ಕಾರಿನಲ್ಲಿ ಕೂತು ಎಷ್ಟೋ ಜನ ಗೇಟಿಗೆ, ಕಾಂಪೌಂಡಿಗೆ, ಒಮ್ಮೆ ಸುಮ್ಮನೆ ನಿಂತಿದ್ದ ಪೊಲೀಸ್ ಜೀಪಿಗೂ ಗುದ್ದಲು ಹೊರಟಿದ್ದರು. ಅಕ್ಕ ಯಾರ ಮೇಲೂ ದನಿ ಏರಿಸಿದವಳಲ್ಲ. "ಪರವಾಗಿಲ್ಲ, ಗೇಟು ಎಲ್ಲೂ ಓಡಿಹೋಗಲ್ಲ, ಇನ್ನೊಂದು ಸಲ ನೋಡೋಣ" ಅನ್ನುತ್ತಿದ್ದಳು. ಆ ತಾಳ್ಮೆಯೆಲ್ಲ ಕಾರಿನಲ್ಲೇ ಖರ್ಚಾಗಿ, ಮನೆಗೆ ಬರುವ ಹೊತ್ತಿಗೆ ಚೂರೂ ಉಳಿದಿರುತ್ತಿರಲಿಲ್ಲ ಅನ್ನುವುದು ತಂಗಿಯಾದ ನನಗೆ ಮಾತ್ರ ಗೊತ್ತು.

ಅವಳ ತಲೆಯೊಳಗೆ ಟೀಚರ್ ಆಗುವ ಹುಳ ಬಿಟ್ಟವರು ಒಬ್ಬ ಹೆಡ್‌ಮಿಸ್. ಐವತ್ತು ದಾಟಿದ ಮೇಲೆ ಕಾರು ಕಲಿಯಲು ಬಂದಿದ್ದರು. ಇಡೀ ಶಾಲೆಯ ಮಕ್ಕಳನ್ನು ಬರೀ ಕಣ್ಣಿನಲ್ಲೇ ಸಾಲಾಗಿ ನಿಲ್ಲಿಸುವ ಹೆಂಗಸು ರಿವರ್ಸ್ ಗೇರ್ ಬಿದ್ದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ದಿನ ಅಕ್ಕ ಕಾರು ನಿಲ್ಲಿಸಿ, ಕನ್ನಡಕದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಿಂದಕ್ಕೆ ಹೋಗುವಾಗ ಬಾಲ ಎತ್ತ ತಿರುಗುತ್ತದೆ, ಮೂತಿ ಎತ್ತ ತಿರುಗುತ್ತದೆ ಎಂದು ತಳ್ಳಿ ತಳ್ಳಿ ತೋರಿಸಿದಳು. ಹೆಡ್‌ಮಿಸ್‌ಗೆ ಚೆನ್ನಾಗಿ ಅರ್ಥವಾಯಿತು. ಕಾರು ಮತ್ತೆ ಚರಂಡಿ ಕಡೆಗೇ ಹೋಯಿತು, ಅದು ಬೇರೆ ಮಾತು.

ಅಕ್ಕ ಗಣಿತದಲ್ಲಿ ಡಿಗ್ರಿ ಮಾಡಿದವಳೆಂದು ಗೊತ್ತಾದ ಮೇಲಂತೂ ಅವರು ಬಿಡಲಿಲ್ಲ. ತಮ್ಮ ಶಾಲೆಗೆ ಸಹಾಯಕಿಯಾಗಿ ಸೇರು, ವಾರದಲ್ಲಿ ಐದು ದಿನ ತರಗತಿಯಲ್ಲಿ ಕೆಲಸ, ಒಂದು ದಿನ ತರಬೇತಿ, ಎರಡು ವರ್ಷಕ್ಕೆ ಪರೀಕ್ಷೆ ಬರೆದರೆ ಪೂರ್ತಿ ಟೀಚರ್ ಅಂದರು. ಅವರಿಗೆ ಇನ್ನೊಬ್ಬ ಗಣಿತದ ಟೀಚರ್ ಬೇಕಾಗಿದ್ದರು ಅನ್ನುವುದೂ ಅಷ್ಟೇ ನಿಜ.

ಮನೆಯಲ್ಲಿ ಈ ಸುದ್ದಿ ಬಿದ್ದದ್ದೇ ತಡ, ಕೇಳದಿದ್ದರೂ ಸಲಹೆಗಳು ಬಂದವು. ನಮ್ಮ ಭಾವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಸರ್ಟಿಫಿಕೇಟುಗಳಿಗೂ ಕಟ್ಟು ಹಾಕುತ್ತಾರೆ. ಹಾಗಾಗಿ ವಿದ್ಯಾಭ್ಯಾಸದ ಬಗ್ಗೆ ಅವರಿಗೊಂದು ಖಚಿತ ಅಭಿಪ್ರಾಯವಿತ್ತು. ದಿನಾ ಹೋಗಿ ಎರಡು ವರ್ಷ ಓದುವ ತರಬೇತಿ ಕಾಲೇಜಿನ ಸರ್ಟಿಫಿಕೇಟು ದಪ್ಪ ಕಾಗದದ್ದು, ಅಂಚಿನಲ್ಲಿ ಒಳ್ಳೆ ಹೂಬಳ್ಳಿ ಇದೆ. ಕೆಲಸ ಮಾಡುತ್ತ ಪಡೆದದ್ದು ಚಿಕ್ಕದು. ಅಂಚೆಯಲ್ಲಿ ಪಾಠ ಬರುವ ಕೋರ್ಸಿನದು ಗಾಜಿನ ಕೆಳಗಿಟ್ಟರೂ ಸುರುಳಿ ಸುತ್ತಿಕೊಳ್ಳುತ್ತದೆ ಅಂದರು. ಅಕ್ಕನ ಅತ್ತೆಗೆ ಅಂಚೆಯದೇ ಇಷ್ಟ. ಸೊಸೆ ಮನೆಯಲ್ಲೇ ಕೂತು ಓದುತ್ತಾಳೆ, ನಡುನಡುವೆ ತಮ್ಮ ಮೊಣಕಾಲಿನ ಸಮಾಚಾರವನ್ನೂ ಕೇಳುತ್ತಾಳೆ ಅನ್ನುವುದು ಅವರ ಲೆಕ್ಕ.

ದಿನವಿಡೀ ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ ಎಂದು ಊರಿಗೆಲ್ಲ ದಾರಿ ಹೇಳುವವಳು ತನ್ನ ದಾರಿ ಕಾಣದೆ ಎರಡು ತಿಂಗಳು ನನ್ನ ತಲೆ ತಿಂದಳು. ಕೊನೆಗೆ ಮೂರನ್ನೂ ನೋಡಿಯೇ ಬಿಡುತ್ತೇನೆಂದು ಹೊರಟಳು. ಮೊದಲು ಅಂಚೆ ಕೋರ್ಸು ಸೇರಿದ್ದ ಎದುರುಮನೆಯವರನ್ನು ವಿಚಾರಿಸಿದಳು. ಅವರು ಉತ್ಸಾಹದಿಂದ ಹನ್ನೊಂದು ಪುಸ್ತಕ ತಂದು ತೋರಿಸಿದರು. ಹನ್ನೊಂದೂ ಪ್ಲಾಸ್ಟಿಕ್ ಹೊದಿಕೆಯೊಳಗೇ ಇದ್ದವು. ಮೂರು ವರ್ಷದಿಂದ ಓದುತ್ತಿದ್ದಾರಂತೆ. ಆಮೇಲೆ ತರಬೇತಿ ಕಾಲೇಜಿಗೆ ಹೋದಳು. ಒಂದು ತರಗತಿಯ ಹಿಂದಿನ ಸಾಲಿನಲ್ಲಿ ಕೂರಲು ಬಿಟ್ಟರು. ಮೇಷ್ಟ್ರೊಬ್ಬರು, ಪಾಠ ಮಾಡುವಾಗ ಮಕ್ಕಳ ಮುಖ ನೋಡುವುದು ಎಷ್ಟು ಮುಖ್ಯ ಎಂಬುದನ್ನು ಒಂದೂವರೆ ಗಂಟೆ ಹಾಳೆ ನೋಡಿಕೊಂಡು ಓದಿದರು. ಅಕ್ಕ ಬಂದವಳೇ ಕಾಲೇಜಿನ ಆಸೆ ಬಿಟ್ಟೆ ಅಂದಳು. ನಾನು ಶಾಲೆಯ ದಾರಿಯೇ ಗಟ್ಟಿ ಅಂದುಕೊಂಡೆ.

ಹೆಡ್‌ಮಿಸ್ ಒಂದು ದಿನ ಶಾಲೆಗೆ ಬಂದು ನೋಡು ಅಂದರು. ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋದಳು. ಆ ದಿನ ಗಣಿತದ ಟೀಚರ್ ಇರಲಿಲ್ಲ, ಅದು ಆಕಸ್ಮಿಕವೋ ಹೆಡ್‌ಮಿಸ್ ಏರ್ಪಾಡೋ ಇವತ್ತಿಗೂ ತಿಳಿಯದು. ಹತ್ತು ಹನ್ನೊಂದು ವರ್ಷದ ನಲವತ್ತು ಮಕ್ಕಳ ಮುಂದೆ ಅವಳನ್ನು ನಿಲ್ಲಿಸಿ, ಭಿನ್ನರಾಶಿ ಮಾಡಿ ಎಂದು ಹೇಳಿ ಹೋದರು.

ಮೊದಲರ್ಧ ಚೆನ್ನಾಗಿಯೇ ನಡೆಯಿತಂತೆ. ಆರನ್ನು ಅರ್ಧದಿಂದ ಭಾಗಿಸಿದರೆ ಹನ್ನೆರಡು ಎಂದು ಬರೆದಾಗ ಎರಡು ಜಡೆಯ ಒಬ್ಬ ಹುಡುಗಿ ಎದ್ದು ನಿಂತಳು.

"ಮಿಸ್, ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕಲ್ವಾ? ಇದು ಹೆಚ್ಚು ಯಾಕಾಯ್ತು?"

"ಕೆಳಗಿರೋದನ್ನ ತಿರುಗಿಸಿ ಗುಣಿಸ್ಬೇಕು. ಅದೇ ನಿಯಮ," ಅಂದಳು ಅಕ್ಕ.

ಹುಡುಗಿ ಮರ್ಯಾದೆಯಿಂದ ತಲೆಯಾಡಿಸಿ ಕೂತಳು. ಆ ತಲೆಯಾಡಿಸುವಿಕೆ ಅಕ್ಕನಿಗೆ ಒಂಬತ್ತು ವರ್ಷದ ಪರಿಚಯ. ಏನೂ ಅರ್ಥವಾಗದವರು ಗೇಟಿಗೆ ಗುದ್ದುವ ಮುಂಚೆ ಹಾಗೇ ತಲೆಯಾಡಿಸುತ್ತಾರೆ. ಕಾರಿನಲ್ಲಾದರೆ ಆಗ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಇಲ್ಲಿ ಗೊತ್ತಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೆಚ್ಚು ಯಾಕಾಯಿತು ಅನ್ನುವುದು ಡಿಗ್ರಿ ಮಾಡಿದ ತನಗೂ ಸರಿಯಾಗಿ ಹೇಳಲು ಬರುವುದಿಲ್ಲ ಎಂದು ಸೀಮೆಸುಣ್ಣ ಹಿಡಿದು ನಿಂತಲ್ಲೇ ಹೊಳೆಯಿತು.

ಸಂಜೆ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವ ಮುಂಚೆಯೇ ಹೇಳಿದಳು: "ನಾನು ಕಾಲೇಜಿಗೇ ಸೇರ್ತೀನಿ ಕಣೇ."

ಆ ಮೇಷ್ಟ್ರು ಹಾಳೆ ಓದುತ್ತಾರಲ್ಲ ಎಂದು ನೆನಪಿಸಿದೆ.

"ಓದ್ಲಿ ಬಿಡು. ನಾನು ಪ್ರಶ್ನೆ ಕೇಳ್ತೀನಿ. ಶಾಲೆಗೆ ಸೇರಿದ್ರೆ ಮೊದಲನೇ ದಿನದಿಂದ್ಲೇ ನಾನು ಮಿಸ್ಸು. ಗೊತ್ತಿಲ್ಲ ಅಂತ ಬಾಯಿ ಬಿಟ್ಟು ಹೇಳ್ಕೊಂಡು ಕಲಿಯೋಕೆ ನನಗೆ ಎರಡು ವರ್ಷ ಬೇಕು."

ಭಾವ ತಮ್ಮ ದಪ್ಪ ಕಾಗದವೇ ಗೆದ್ದಿತೆಂದು ಬೀಗಿದರು. ಅತ್ತೆ ಎರಡು ದಿನ ಮುಖ ಊದಿಸಿಕೊಂಡರು. ಹೆಡ್‌ಮಿಸ್ ಮಾತ್ರ ಮುನಿಸಿಕೊಂಡು ಮೂರು ವಾರ ಕಾರು ಕಲಿಯಲು ಬರಲಿಲ್ಲ. ಆಮೇಲೆ ಬಂದರು. ಬೇರೆ ಯಾರೂ ಅವರಿಗೆ ಬೈಯದೆ ರಿವರ್ಸ್ ಕಲಿಸಲು ತಯಾರಿರಲಿಲ್ಲ. ಕಾಲೇಜು ಮೂರಕ್ಕೆ ಬಿಡುತ್ತಿತ್ತು, ಅಕ್ಕ ಐದರ ಮೇಲೆ ಕಾರು ಕಲಿಸುತ್ತಿದ್ದಳು. ಹೆಡ್‌ಮಿಸ್ ನಾಲ್ಕನೇ ಸಲಕ್ಕೆ ಲೈಸೆನ್ಸ್ ಗಿಟ್ಟಿಸಿದರು. ಈಗ ಊರಿಡೀ ಓಡಾಡುತ್ತಾರೆ, ಹಿಂದಕ್ಕೆ ತೆಗೆಯುವ ಪ್ರಸಂಗ ಬರದಂಥ ಜಾಗ ಹುಡುಕಿ ನಿಲ್ಲಿಸುತ್ತಾರೆ.

ಕಾಲೇಜಿನಲ್ಲಿ ಇಪ್ಪತ್ತರ ಹುಡುಗಿಯರ ನಡುವೆ ಮೂವತ್ತಾರರ ಅಕ್ಕ. ಮೊದಲು ಆಂಟಿ ಅಂದರು, ತಿಂಗಳಾಗುವಷ್ಟರಲ್ಲಿ ಅವಳೇ ಗದರಿ ಅಕ್ಕ ಅನ್ನಿಸಿಕೊಂಡಳು. ಹಾಳೆ ಓದುವ ಮೇಷ್ಟ್ರನ್ನು ಪುಟಕ್ಕೊಂದು ಪ್ರಶ್ನೆ ಕೇಳಿದಳು. ಪಾಪ ಅವರು ಮೊದಮೊದಲು ಕನ್ನಡಕ ಒರೆಸಿಕೊಂಡು ಸಮಯ ತಳ್ಳಿದರು, ಬರಬರುತ್ತ ಹಾಳೆ ಮಡಚಿಟ್ಟು ಉತ್ತರ ಹೇಳಲು ಶುರು ಮಾಡಿದರು. ಒಳ್ಳೆ ಮೇಷ್ಟ್ರೇ ಆಗಿದ್ದರು, ಇಪ್ಪತ್ತು ವರ್ಷದಿಂದ ಯಾರೂ ಕೇಳಿರಲಿಲ್ಲ ಅಷ್ಟೆ. ಎರಡನೇ ವರ್ಷ ಅಭ್ಯಾಸ ಪಾಠಕ್ಕೆ ಬೇರೊಂದು ಶಾಲೆಗೆ ಕಳಿಸಿದಾಗ ಅಕ್ಕ ಆರು ಮೀಟರ್ ರಿಬ್ಬನ್ ಕೊಂಡೊಯ್ದು ಅರ್ಧರ್ಧ ಮೀಟರ್ ಕತ್ತರಿಸಿ, ತುಂಡುಗಳನ್ನು ಮಕ್ಕಳ ಕೈಯಲ್ಲೇ ಎಣಿಸಿದಳು. ಹನ್ನೆರಡು ಯಾಕಾಯಿತು ಎಂದು ಯಾರೂ ಕೇಳಲಿಲ್ಲ. ರಿಬ್ಬನ್ ಯಾರಿಗೆ ಅನ್ನುವುದಕ್ಕೆ ಮಾತ್ರ ದೊಡ್ಡ ಜಗಳವಾಯಿತು, ಅದಕ್ಕೆ ಮೂರು ಅಂಕ ಕಡಿಮೆ ಬಿದ್ದವು.

ಪಾಸಾಗಿ, ಮನೆಯಿಂದ ಎರಡು ಬಸ್ ಸ್ಟಾಪ್ ಆಚೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೊದಲ ವಾರವೇ ಗುರುವಾರದ ಹೊತ್ತಿಗೆ ಗಂಟಲು ಕೂತುಹೋಯಿತು. ಕಾರಿನೊಳಗೆ ಪಿಸುಗುಟ್ಟಿದರೂ ಕೇಳಿಸುತ್ತಿತ್ತು, ನಲವತ್ತು ಮಕ್ಕಳ ಕೋಣೆ ಹಾಗಲ್ಲ. ಶುಕ್ರವಾರ ನೋಡಲು ಹೋದೆ. ಅಕ್ಕ ಊಟದ ಮೇಜಿನ ತುಂಬ ನೋಟ್‌ಬುಕ್ ಹರಡಿಕೊಂಡು ತಿದ್ದುತ್ತಿದ್ದಳು. ಏನು ಕೇಳಿದರೂ ಚೀಟಿಯಲ್ಲಿ ಬರೆದು ಕೊಡುವಳು, ಅತ್ತೆ ಕನ್ನಡಕವಿಲ್ಲದೆ ಅದನ್ನು ಜೋರಾಗಿ ತಪ್ಪುತಪ್ಪಾಗಿ ಓದಿ ಹೇಳುವರು. ಮನೆ ಇಷ್ಟು ಶಾಂತವಾಗಿದ್ದು ಅವರು ನೋಡೇ ಇಲ್ಲವಂತೆ. ಹೇಗಿದೆ ಕೆಲಸ ಎಂದು ಕೇಳಿದೆ. ಅಕ್ಕ ಚೀಟಿಯ ಕಡೆ ಕೈ ಚಾಚಿದಳು, ಅಷ್ಟರಲ್ಲಿ ಕೈಯಲ್ಲಿದ್ದ ನೋಟ್‌ಬುಕ್ಕಿನಲ್ಲಿ ಏನೋ ಕಂಡು ಸದ್ದಿಲ್ಲದೆ ನಕ್ಕು, ಪುಟ ತಿರುಗಿಸಿದಳು. ನನಗೆ ಉತ್ತರ ಕೊಡುವುದನ್ನು ಮರೆತೇಬಿಟ್ಟಳು.