ನಲವತ್ತೊಂದನೆಯ ಎಚ್ಚರಿಕೆ

ಗೆದ್ದಲು ಹತ್ತಿದೆಯೇನೋ ಎಂಬ ಅನುಮಾನದಿಂದ ಮೊನ್ನೆ ಹಳೆಯ ಟ್ರಂಕು ಬಿಚ್ಚಿದೆ. ಗೆದ್ದಲಿರಲಿಲ್ಲ. ನನ್ನ ಲಾಗ್ ಟೇಬಲ್ ಪುಸ್ತಕವಿತ್ತು. ಅದಕ್ಕೆ ನಾನೇ ಹಾಕಿದ್ದ ಹೊದಿಕೆ, ಎರಡೂ ಅಂಚಿಗೆ ಸಾಲಾಗಿ ತೂತುಗಳಿರುವ ಹಿಂದಿನ ಕಾಲದ ಪ್ರಿಂಟರ್ ಕಾಗದ. ಬಿಳಿ ಮಗ್ಗಲು ಹೊರಗೆ, ಅಚ್ಚಾದ ಮಗ್ಗಲು ಒಳಗೆ. ಮೂಗಿಗೆ ಹಿಡಿದರೆ ರಿಬ್ಬನ್ ಶಾಯಿಯ ವಾಸನೆ ಇನ್ನೂ ಸಣ್ಣಗೆ ಬರುತ್ತಿತ್ತು... ವಾಸನೆಯ ಹಿಂದೆಯೇ ಲ್ಯಾಬ್ ಸರ್ ಬಂದು ನಿಂತರು.

ಕಾಲೇಜಿನಲ್ಲಿ ಅವರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ತಾಳಿಕೋಟೆಯವರು. ಸಿಂದಗಿಯ ನಮ್ಮ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಏಕಮೇವ ಉಪನ್ಯಾಸಕರು, ಒಂಬತ್ತು ವರ್ಷಗಳಿಂದ ತಾತ್ಕಾಲಿಕ. ನಾನು ಗಣಿತದವನು. ಗಣಿತಕ್ಕೂ ಕಂಪ್ಯೂಟರಿಗೂ ರಕ್ತಸಂಬಂಧವಿದೆ ಎಂದು ನಂಬಿದ್ದ ಪ್ರಿನ್ಸಿಪಾಲರು ನನ್ನನ್ನು ಲ್ಯಾಬಿನ ಸಹ-ಉಸ್ತುವಾರಿ ಎಂದು ನೇಮಿಸಿ ಲಿಖಿತ ಆದೇಶ ಹೊರಡಿಸಿದ್ದರು. ಆ ಹುದ್ದೆಯ ಘನತೆಗೆ ತಕ್ಕಂತೆ ನಾನು ದಿನಾ ಹೋಗಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕುಳಿತು ಬರುತ್ತಿದ್ದೆ. ಧೂಳು ಬರಬಾರದೆಂದು ಆ ಕೋಣೆಯ ಕಿಟಕಿಗಳಿಗೆಲ್ಲ ಪ್ಲೈವುಡ್ ಹೊಡೆದಿದ್ದರು. ಧೂಳು ಬಂದೇ ಬರುತ್ತಿತ್ತು. ಗಾಳಿ ಮಾತ್ರ ನಿಯಮ ಪಾಲಿಸುತ್ತಿತ್ತು.

ಪ್ರಿನ್ಸಿಪಾಲರ ಖೋಲಿಯಲ್ಲಿ ಒಂದು ಕಬ್ಬಿಣದ ಕಪಾಟಿತ್ತು. ಕೆಲಸಕ್ಕೆ ಸೇರುವಾಗ ಪ್ರತಿಯೊಬ್ಬರೂ ತಮ್ಮ ಮೂಲ ಅಂಕಪಟ್ಟಿಗಳನ್ನು ಅದರೊಳಗೆ ಒಪ್ಪಿಸಬೇಕು. ನಡುವರ್ಷದಲ್ಲಿ ಯಾರೂ ಬಿಟ್ಟು ಹೋಗಬಾರದೆಂದು ಸಂಸ್ಥೆ ಮಾಡಿಕೊಂಡ ಮುಂಜಾಗ್ರತೆ. ನನ್ನವೂ ಅಲ್ಲೇ ಇದ್ದವು. ಅವನ್ನು ವಾಪಸು ಯಾರೂ ಕೇಳಿರಲಿಲ್ಲ, ನಾನು ಕೂಡ. ಆದರೆ ಆ ವರ್ಷ ಲ್ಯಾಬ್ ಸರ್‌ಗೆ ಸರ್ಕಾರಿ ಪಾಲಿಟೆಕ್ನಿಕ್‌ನಿಂದ ಕರೆ ಬಂತು. ಸೋಮವಾರ ಮೂಲ ಪ್ರತಿಗಳೊಂದಿಗೆ ಹಾಜರಾಗಬೇಕು. ವಯೋಮಿತಿ ಮುಗಿಯಲು ಬಂದಿತ್ತು, ಮತ್ತೊಮ್ಮೆ ಅರ್ಜಿ ಹಾಕುವ ಹಾಗಿರಲಿಲ್ಲ. ಶುಕ್ರವಾರ ವಿಶ್ವವಿದ್ಯಾಲಯದ ಸಮಿತಿ ಲ್ಯಾಬ್ ತಪಾಸಣೆಗೆ ಬರುವುದಿತ್ತು. ಮಾನ್ಯತೆ ಸಿಕ್ಕರೆ ಶನಿವಾರ ಕಪಾಟಿನ ಬಾಗಿಲು ತೆರೆಯುತ್ತೇನೆ ಎಂದು ಪ್ರಿನ್ಸಿಪಾಲರು ಮಾತು ಕೊಟ್ಟರು. ಸಿಗದಿದ್ದರೆ ಏನು ಎಂಬುದನ್ನು ಯಾರೂ ಕೇಳಲಿಲ್ಲ.

ಲ್ಯಾಬಿನಲ್ಲಿದ್ದದ್ದು ಒಂದೇ ಕಂಪ್ಯೂಟರ್. ಅದಕ್ಕೆ ಒಂದು ಡಬ್ಬಿಯ ಮೂಲಕ ಎಂಟು ಪರದೆಗಳನ್ನು ಜೋಡಿಸಿದ್ದರು. ಯಂತ್ರ ಆ ಡಬ್ಬಿಯ ಗುರುತು ಹಿಡಿಯಲೆಂದು ಲ್ಯಾಬ್ ಸರ್ ಕರ್ನಲ್ಲನ್ನು, ಅಂದರೆ ಯಂತ್ರದ ಸಂಸಾರವನ್ನೆಲ್ಲ ನಡೆಸುವ ಮೂಲ ಪ್ರೋಗ್ರಾಮನ್ನು, ತಾವೇ ತಿದ್ದಿ ಕಂಪೈಲ್ ಮಾಡುತ್ತಿದ್ದರು, ಅಂದರೆ ಯಂತ್ರಕ್ಕೆ ತಿಳಿಯುವ ಭಾಷೆಗೆ ಇಳಿಸುತ್ತಿದ್ದರು. ಮಾಡಿದಾಗಲೆಲ್ಲ ಪರದೆಯ ಮೇಲೆ ಎಚ್ಚರಿಕೆಗಳ ಮೆರವಣಿಗೆ. ಹೆಚ್ಚಿನವು ಪಾಯಿಂಟರುಗಳ ಬಗ್ಗೆ. ಪಾಯಿಂಟರ್ ಎಂದರೆ ವಿಳಾಸ ಬರೆದ ಚೀಟಿ. ಚೀಟಿ ಖಾಲಿಯಿದ್ದರೂ ಅದನ್ನು ನಂಬಿ ಹೊರಟೀಯೆ, ಜೋಕೆ ಎಂದು ಕಂಪೈಲರ್ ಹೇಳುತ್ತಿತ್ತು. ಸಾಮಾನ್ಯ ಪ್ರೋಗ್ರಾಮು ಖಾಲಿ ಚೀಟಿ ಹಿಡಿದು ಹೋದರೆ ತಾನೊಂದೇ ಸಾಯುತ್ತದೆ, ಕರ್ನಲ್ ಹೋದರೆ ಮನೆಮಂದಿಯೆಲ್ಲ ಹೋಗುತ್ತಾರೆ ಎಂದು ಅವರು ನನಗೆ ತಿಳಿಸಿ ಹೇಳಿದ್ದರು.

ಜಗತ್ತಿನಲ್ಲಿ ಈ ಎಚ್ಚರಿಕೆಗಳನ್ನು ಯಾರೂ ಓದುವುದಿಲ್ಲವಂತೆ. ಅವರು ಓದುತ್ತಿದ್ದರು, ಪ್ರಿಂಟು ತೆಗೆದು, ಕೆಂಪು ಪೆನ್ನು ಹಿಡಿದು. ಆ ವಾರ ಒಟ್ಟು ನಲವತ್ತೊಂದಿದ್ದವು. ಪ್ರಿನ್ಸಿಪಾಲರು ಒಮ್ಮೆ ಇಣುಕಿ ಹೌಹಾರಿದರು.

"ವಾರ್ನಿಂಗ್ ಅಂತ ಬರೆದದ್ದು ಒಂದೂ ಕಾಣಬಾರದು ನೋಡ್ರಿ. ನಮಗ ಯಾರೋ ಮೆಮೋ ಕೊಟ್ಟಾರ ಅಂತ ತಿಳ್ಕೊಂತಾರ ಕಮಿಟಿಯವ್ರು."

ಗುರುವಾರ ಮಧ್ಯಾಹ್ನದ ಹೊತ್ತಿಗೆ ನಲವತ್ತು ತೀರಿದ್ದವು. ಉಳಿದದ್ದು ಒಂದು, ಆ ಡಬ್ಬಿಗೆ ಸಂಬಂಧಿಸಿದ್ದು. ಅದನ್ನು ನಾನು ಕೈಗೆತ್ತಿಕೊಂಡೆ. ಡಬ್ಬಿ ಸಿಕ್ಕರೆ ಮಾತ್ರ ಯಂತ್ರ ಆ ಸಾಲಿಗೆ ಬರುತ್ತದೆ. ಡಬ್ಬಿ ಸಿಕ್ಕಿದ್ದರೆ ಚೀಟಿ ತುಂಬಿರಲೇಬೇಕು. ಆದ್ದರಿಂದ ಚೀಟಿ ಖಾಲಿಯಿರಲು ಸಾಧ್ಯವೇ ಇಲ್ಲ. ಹಲಗೆಯ ಮೇಲೆ ಸಾಂಗವಾಗಿ ಸಾಧಿಸಿ, ಕೆಳಗೆ ಎರಡು ಗೆರೆ ಎಳೆದು, ಸೀಮೆಸುಣ್ಣ ಇಟ್ಟು ಕೈ ಝಾಡಿಸಿಕೊಂಡೆ.

ಲ್ಯಾಬ್ ಸರ್ ಬಹಳ ಹೊತ್ತು ನೋಡಿದರು. "ಪ್ರೂಫ್ ಕರೆಕ್ಟ್ ಐತ್ರಿ ಸರ್. ಆದ್ರ ಡಬ್ಬಿಗೆ ಬರೂ ಕರೆಂಟು ಸಿಂದಗೀದು ಐತ್ರಲ್ಲ."

ನಾನು ನಕ್ಕೆ. ಅವರೂ ನಕ್ಕರು. ಅಷ್ಟರಲ್ಲಿ ಸಮಿತಿಯವರ ಊಟದ ವ್ಯವಸ್ಥೆ ನೋಡಲು ಪ್ರಿನ್ಸಿಪಾಲರಿಂದ ಅವರಿಗೆ ಕರೆ ಬಂತು. ಹೋಗುವ ಮುನ್ನ ಕಾಗದದ ಅಂಚಿನಲ್ಲಿ ಕೆಂಪಕ್ಷರದಲ್ಲಿ ಎರಡು ಸಾಲು ಬರೆದು, ಇವನ್ನು ಟೈಪ್ ಮಾಡಿ ಕಂಪೈಲಿಗೆ ಹಚ್ಚಿರಿ ಎಂದು ನನ್ನ ಕೈಗಿತ್ತರು. ಚೀಟಿ ಖಾಲಿಯಿದ್ದರೆ ಮುಂದೆ ಹೋಗಬೇಡ, ಇಲ್ಲಿಂದಲೇ ಹಿಂದಕ್ಕೆ ಹೊಳ್ಳು. ಇಷ್ಟೇ ಆ ಸಾಲುಗಳ ಅರ್ಥ.

ನಾನು ಟೈಪ್ ಮಾಡಲಿಲ್ಲ. ಮಾಡಿದರೆ ನನ್ನ ಪ್ರೂಫಿನಲ್ಲಿ ಐಬಿದೆ ಎಂದು ಒಪ್ಪಿಕೊಂಡಂತೆ. ಎಚ್ಚರಿಕೆಯ ಬಾಯಿ ಮುಚ್ಚಿಸುವ ಒಂದು ಸಾಲೂ ಉಂಟೆಂದು ಅವರೇ ಹಿಂದೊಮ್ಮೆ ಹೇಳಿಕೊಟ್ಟಿದ್ದರು, ಎಂದೂ ಬಳಸಬಾರದೆಂಬ ಉಪದೇಶದೊಂದಿಗೆ. ಅದನ್ನು ಹಾಕಿದೆ. ಎರಡು ತಾಸಿನ ಮೇಲೆ ಪರದೆ ನಿಷ್ಕಳಂಕ. ಸಂಜೆ ಅವರು ಬಂದು, "ಆತೇನ್ರಿ ಸರ್?" ಎಂದರು. "ಆತ್ರಿ," ಅಂದೆ. ಕಾಗದವನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡಿದ್ದೆ.

ಶುಕ್ರವಾರ ಸಮಿತಿಯ ಮೂವರು ಬೂಟು ಬಿಟ್ಟು ಒಳಗೆ ಬಂದರು. ಅಧ್ಯಕ್ಷರ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಅದನ್ನು ನೋಡದಿರುವ ಗಾಂಭೀರ್ಯವನ್ನು ನಾವೆಲ್ಲ ಕಾಪಾಡಿಕೊಂಡೆವು. ಎಂಟೂ ಪರದೆಗಳ ಮುಂದೆ ವಿದ್ಯಾರ್ಥಿಗಳು ಟೈಪ್ ಮಾಡುತ್ತಿದ್ದರು. ಅಧ್ಯಕ್ಷರು ತಲೆದೂಗಿ ಪೆನ್ನು ತೆಗೆದರು. ಆಗ ಟ್ಯೂಬ್‌ಲೈಟು ಒಮ್ಮೆ ಕಣ್ಣು ಮಿಟುಕಿಸಿತು. ಅಷ್ಟೇ. ಕಂಪ್ಯೂಟರಿಗೂ ಪರದೆಗಳಿಗೂ ಯುಪಿಎಸ್ ಇತ್ತು. ಡಬ್ಬಿಯ ಪ್ಲಗ್ಗು ಮಾತ್ರ ಗೋಡೆಯಲ್ಲಿತ್ತು. ಅದು ಒಂದು ಕ್ಷಣ ಸತ್ತು ಮತ್ತೆ ಬದುಕಿತು. ಆ ಕ್ಷಣದಲ್ಲಿ ಚೀಟಿ ಖಾಲಿಯಾಗಿ, ಕರ್ನಲ್ ಅದನ್ನೇ ನಂಬಿ ಹೊರಟು, ಎಂಟು ಪರದೆಗಳೂ ಅರ್ಧ ಶಬ್ದಕ್ಕೆ ನಿಂತವು.

ಲ್ಯಾಬ್ ಸರ್ ಅವಸರ ಮಾಡದೆ ಯಂತ್ರ ಮತ್ತೆ ಚಾಲೂ ಮಾಡಿ, ಡಬ್ಬಿಯ ಸಾಲುಗಳಿದ್ದ ಕಡತ ತೆರೆದರು. ನಾನು ಅವರ ಕುರ್ಚಿಯ ಬೆನ್ನಿಗೆ ನಿಂತಿದ್ದೆ. ಬಾಗಿಲಿದ್ದದ್ದು ಸಮಿತಿಯ ಬೆನ್ನಿಗೆ. ಕಿಟಕಿಗಳಿಗೆ ಪ್ಲೈವುಡ್. ತಮ್ಮ ಎರಡು ಸಾಲು ಇರಬೇಕಾದಲ್ಲಿ ನನ್ನ ಒಂದು ಸಾಲನ್ನು ಅವರು ಓದಿದ್ದು ಅವರ ಕತ್ತಿನ ಹಿಂಭಾಗ ನೋಡಿಯೇ ನನಗೆ ಗೊತ್ತಾಯಿತು. ಏನಾತ್ರೀ ಎಂದು ಪ್ರಿನ್ಸಿಪಾಲರು ಕೇಳಿದರು.

"ನಂದ ತಪ್ಪ್ರಿ. ಒಂದು ಕಡೆ ನೋಡೂದು ಬಿಟ್ಟಿದ್ದೆ."

ನಾನು ಬಾಯಿ ತೆರೆದೆ. ಹೊರಬಂದದ್ದು ಕೆಮ್ಮು.

ಮಾನ್ಯತೆ ಮುಂದಿನ ತಪಾಸಣೆಗೆ ಹೋಯಿತು. ಕಪಾಟು ತೆರೆಯಲಿಲ್ಲ. ಸೋಮವಾರ ಅವರು ಝೆರಾಕ್ಸ್ ಪ್ರತಿಗಳನ್ನು ಹಿಡಿದುಕೊಂಡು ಹೋದರು, ಅದೇ ದಿನ ಅವನ್ನೇ ಹಿಡಿದುಕೊಂಡು ಬಂದರು. ಮಂಗಳವಾರ ಎಂದಿನಂತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕುಳಿತರು. ಮತ್ತೆ ನಾಲ್ಕು ವರ್ಷ ನಾವಿಬ್ಬರೂ ಆ ಕೋಣೆಯಲ್ಲಿ ಎದುರುಬದುರು ಕುಳಿತೆವು. ಆ ಸಾಲಿನ ಮಾತು ಅವರು ಎತ್ತಲಿಲ್ಲ. ಎತ್ತಿದ್ದರೆ ನಾನು ಆ ಶುಕ್ರವಾರದಿಂದ ಹೊರಬೀಳುತ್ತಿದ್ದೆನೇನೋ...

ಆಮೇಲೆ ಅವರು ಕಾಲೇಜು ಬಿಟ್ಟು ತಾಳಿಕೋಟೆಯಲ್ಲಿ ಯುಪಿಎಸ್ ರಿಪೇರಿಯ ಅಂಗಡಿ ಇಟ್ಟರು. ನಿವೃತ್ತನಾದ ಮೇಲೆ ಒಂದು ದಿನ, ಎಲ್ಲ ಹೇಳಿಬಿಡಬೇಕೆಂದು ನಿಶ್ಚಯಿಸಿ, ನೆಪಕ್ಕೆ ಮನೆಯ ಯುಪಿಎಸ್ಸನ್ನು ಚೀಲದಲ್ಲಿ ಹಾಕಿಕೊಂಡು ದೇವರ ಹಿಪ್ಪರಗಿಯ ಮೇಲಿಂದ ಬಸ್ಸು ಹತ್ತಿ ಹೋದೆ. ಅದಕ್ಕೆ ಯಾವ ರೋಗವೂ ಇರಲಿಲ್ಲ. ಅವರು ಬಿಚ್ಚಿ ನೋಡಿ, ಚಹಾ ತರಿಸಿ, ಏನಾಗಿದೆ ಎಂದು ಕೇಳಿದರು. ಕರೆಂಟು ಹೋದಾಗಲೆಲ್ಲ ಕುಂಯ್ ಕುಂಯ್ ಅನ್ನುತ್ತದೆ ಎಂದೆ.

"ಹೇಳೂದ ಅದರ ಕೆಲಸ್ರಿ," ಎಂದರು. ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ನನ್ನ ಮುಖ ನೋಡಿದರು. "ಬಾಯಿ ಬಂದ್ ಮಾಡ್ಲ್ಯಾ ಸರ್?"

"ಬ್ಯಾಡ್ರಿ," ಅಂದೆ.

ಅವರು ಮುಚ್ಚಳ ಹಾಕಿ ಸ್ಕ್ರೂ ಬಿಗಿದರು. ನಾನು ಚಹಾ ಕುಡಿದು ಸಂಜೆಯ ಬಸ್ಸಿಗೆ ಬಂದೆ. ಹೇಳಬೇಕಾದ್ದನ್ನು ಹೇಳಲಿಲ್ಲ, ಮತ್ತೊಮ್ಮೆ ಬಂದರಾಯಿತು ಅಂದುಕೊಂಡೆ. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು, ಮಣ್ಣಾಗಿ ಮೂರು ದಿನದ ಮೇಲೆ.

ಲಾಗ್ ಟೇಬಲ್ಲಿನ ಹೊದಿಕೆ ಈಗ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದೆ. ಕೆಂಪು ಶಾಯಿ ಕಂದಾಗಿದೆ, ಎರಡು ಸಾಲೂ ಓದಲು ಬರುತ್ತವೆ. ಇದನ್ನು ಬರೆಯುವಾಗಲೇ ಎರಡು ಸಲ ಕರೆಂಟು ಹೋಗಿ ಬಂತು. ಕುಂಯ್ ಎಂದು ಶುರುವಾದರೆ ನನ್ನ ಹೆಂಡತಿ ಒಳಗಿನಿಂದ, ಆ ದರಿದ್ರದ ಬಾಯಿ ಯಾರ ಹತ್ತಿರವಾದರೂ ಮುಚ್ಚಿಸಿಕೊಂಡು ಬನ್ನಿ ಎನ್ನುತ್ತಾಳೆ. ಇಷ್ಟು ವರ್ಷಗಳಿಂದ ಹೇಳುತ್ತಿದ್ದಾಳೆ. ನಾನು ಕೈಯಲ್ಲಿರುವ ಕೆಲಸ ಬಿಟ್ಟು, ಅದು ತಾನಾಗಿ ನಿಲ್ಲುವವರೆಗೆ ಕೂತು ಕೇಳುತ್ತೇನೆ.