ಹುಂಜದ ದೋಣಿಯ ತುಳಜಪ್ಪ ಕಾಕಾ

ತುಳಜಪ್ಪ ಕಾಕಾ ನಮ್ಮ ಕಲ್ಯಾಣದ ಕೆರೆಯಲ್ಲಿ ಎಷ್ಟೋ ವರ್ಷ ಪೆಡಲ್ ದೋಣಿ ನಡೆಸಿದರು. ಅಷ್ಟೂ ವರ್ಷ ಅವರ ಸೊಂಟದ ಸುತ್ತ ಗಾಳಿ ತುಂಬಿದ ಜೀಪಿನ ಟ್ಯೂಬು ಇರುತ್ತಿತ್ತು. ಜಾರಬಾರದೆಂದು ಅದಕ್ಕೆ ಎರಡು ಹಗ್ಗ ಕಟ್ಟಿ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ದೋಣಿಯಲ್ಲಿ ಕೂತಾಗಿನ ಮಾತಲ್ಲ ಇದು. ಅವರು ದೋಣಿಯಲ್ಲಿ ಕೂಡುತ್ತಲೇ ಇರಲಿಲ್ಲ. ದಂಡೆಯ ಒಣ ನೆಲದ ಮೇಲೆ, ನೀರಿನಿಂದ ಹತ್ತು ಹೆಜ್ಜೆ ದೂರ, ಬೇವಿನ ಗಿಡದ ನೆರಳಲ್ಲಿ ನಿಂತಾಗಲೂ ಟ್ಯೂಬು ಇರಲೇಬೇಕು. ಚಹಾದ ಬಸಿಯನ್ನು ಅದರ ಮೇಲೇ ಇಟ್ಟುಕೊಂಡು ಕುಡಿಯುತ್ತಿದ್ದರು.

ಅಲ್ಲೇ ಪಕ್ಕದಲ್ಲಿ ನನ್ನ ಮಿರ್ಚಿ ಬಜ್ಜಿಯ ಗಾಡಿ. ಒಂದು ದಿನ ತಡೆಯಲಾರದೆ ಕೇಳಿದೆ: "ಕಾಕಾ, ನೀವು ನೀರಿಗಿ ಇಳಿಯಂಗಿಲ್ಲ. ಮತ್ತ ಈ ಟ್ಯೂಬ್ ಯಾಕ?"

"ನಾ ನೀರಿನ ಕಡಿ ಹೋಗಂಗಿಲ್ಲ, ಖರೇ. ನೀರು ನನ್ನ ಕಡಿ ಬರಂಗಿಲ್ಲ ಅಂತ ಯಾರರೆ ಬರದು ಕೊಟ್ಟಾರೇನು ತಂಗಿ?" ಎಂದರು.

ಇಂಥ ಮನುಷ್ಯ ದೋಣಿಯ ವ್ಯಾಪಾರಕ್ಕೆ ಯಾಕೆ ಬಂದರು ಎಂದರೆ, ಸೈಕಲ್ಲಿನಿಂದಾಗಿ. ಮನ್ನಾಏಖೇಳ್ಳಿಯ ಹೆದ್ದಾರಿ ಬದಿಯಲ್ಲಿ ಅವರದು ಸೈಕಲ್ ರಿಪೇರಿ ಅಂಗಡಿ ಇತ್ತು. ಮನೆಮನೆಗೂ ಮೋಟಾರ್ ಸೈಕಲ್ ಬಂದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸವಷ್ಟೇ ಉಳಿಯಿತು. ಆಗ ಕೆರೆಯ ಎರಡು ಪೆಡಲ್ ದೋಣಿಗಳಿಗೆ ಗುತ್ತಿಗೆದಾರರು ಬೇಕಾಗಿದ್ದಾರೆಂದು ಯಾರೋ ಹೇಳಿದರು. ಕಾಕಾ ಬಂದು ನೋಡಿದರು. ನೀರಿನ ಹತ್ತಿರ ಹೋಗದೆ, ದಂಡೆಯಿಂದಲೇ ಬಗ್ಗಿ ಪೆಡಲ್ ನೋಡಿ ಒಪ್ಪಿಕೊಂಡರು. "ಪೆಡಲ್ ಇತ್ತಂದ್ರ ಅದು ಸೈಕಲ್ಲೇ. ಕೆಳಗಿನ ರೋಡ್ ಜರಾ ಹಸಿ ಅದ, ಅಷ್ಟೇ" ಎಂಬುದು ಅವರ ಲೆಕ್ಕಾಚಾರ.

ಕೆಲವೇ ತಿಂಗಳಲ್ಲಿ ದೋಣಿಗಳ ಮೂಲ ಪೆಡಲ್ ಕಿತ್ತು ಹೋದವು. ಕಾಕಾ ತಮ್ಮ ಹಳೆಯ ಅಂಗಡಿಯ ಸಾಮಾನು ತಂದು ಎರಡಕ್ಕೂ ಸೈಕಲ್ಲಿನ ಪೆಡಲ್, ಚೈನು ಹಾಕಿದರು. ಕೈ ಹಾಕಿದ ಮೇಲೆ ಬಿಡುವುದೇಕೆಂದು ಗಂಟೆಯನ್ನೂ ಕೂಡಿಸಿದರು. ದೋಣಿ ಹತ್ತುವವರಿಗೆ ದಂಡೆಯ ಮೇಲೆ ನಿಂತು ಪಾಠ ಹೇಳುತ್ತಿದ್ದರು: "ನೋಡ್ರಿ, ಇದಕ್ಕ ಬ್ರೇಕ್ ಇಲ್ಲ. ಎದುರಿಗಿ ಎಮ್ಮಿ ಬಂತಂದ್ರ ಗಂಟಿ ಹೊಡೀರಿ. ಸರೀಲಿಲ್ಲಂದ್ರ ನೀವೇ ಸರೀರಿ. ಅವು ನಮಗಿಂತ ಮೊದಲಿನವು."

ಎಮ್ಮೆಗಳ ಮಾತು ಸುಳ್ಳಲ್ಲ. ನಮ್ಮ ದಂಡೆಯಲ್ಲಿ ಎಲ್ಲರದೂ ಒಂದೊಂದು ಜಾಗ, ಒಂದೊಂದು ಹೊತ್ತು. ಅಗಸರ ಮಾಣಿಕಪ್ಪ ಬೆಳಗ್ಗೆಯೇ ಬಟ್ಟೆಯ ಗಂಟು ತಂದು ಕಲ್ಲಿಗೆ ಬಡಿಯುತ್ತಿದ್ದ. ಮೀನು ಹಿಡಿಯುವ ಲಕ್ಷ್ಮೀಬಾಯಿ ಲಾರಿಯ ಟ್ಯೂಬಿನ ಮೇಲೆ ಕೂತು, ಎರಡು ಕೈಯಿಂದ ನೀರು ಹಿಂದಕ್ಕೆ ತಳ್ಳುತ್ತ ಬಲೆ ಹಾಕಿ ಬರುತ್ತಿದ್ದಳು. ಆಟೋದವರು ಆಟೋ ತೊಳೆಯುತ್ತಿದ್ದರು. ಚಹಾ, ಬಜ್ಜಿ, ಚುರುಮುರಿ, ಕಬ್ಬಿನ ಹಾಲು, ಎಲ್ಲ ಸೇರಿ ಹನ್ನೊಂದು ಗಾಡಿ. ಮಾಣಿಕಪ್ಪನ ಸೋಪಿನ ನೊರೆ ಮೀನಿನ ಬಲೆಗೆ ಬಂತೆಂದು ಲಕ್ಷ್ಮೀಬಾಯಿ, ಒಗೆದ ಧೋತರವನ್ನು ಎಮ್ಮೆ ತುಳಿಯಿತೆಂದು ಮಾಣಿಕಪ್ಪ, ಹೀಗೆ ದಿನಕ್ಕೊಂದು ಜಗಳ. ಕಾಕಾ ಒಂದು ತಗಡಿಗೆ ಬಣ್ಣ ಬಳಿದು ಬೇವಿನ ಗಿಡಕ್ಕೆ ಹೊಡೆದರು: ಮುಂಜಾನೆ ಅರಿವಿ, ಮಧ್ಯಾಹ್ನ ಎಮ್ಮಿ, ಸಂಜಿಗಿ ಮಂದಿ. ಜಗಳ ಅರ್ಧಕ್ಕೆ ಇಳಿಯಿತು. ಉಳಿದರ್ಧ ಎಮ್ಮೆಗಳಿಗೆ ಓದಲು ಬಾರದ್ದರಿಂದ ಹಾಗೇ ಮುಂದುವರಿಯಿತು. ಆದರೆ ಅಂದಿನಿಂದ ಕಾಕಾ ನಮ್ಮ ದಂಡೆಯ ಹಿರಿಯರಾದರು.

ಆ ಎಮ್ಮೆಗಳಲ್ಲೊಂದು ದೋಣಿಗೆ ಮೈ ಉಜ್ಜಿದ್ದೇ ಹುಂಜದ ಕಥೆಗೆ ಕಾರಣ. ಎರಡೂ ದೋಣಿಗಳಿಗೆ ಮುಂದೆ ಹಂಸದ ಕತ್ತು ಇತ್ತು. ಎಮ್ಮೆ ಉಜ್ಜಿದ ರಭಸಕ್ಕೆ ಒಂದರ ತಲೆ ಮುರಿದು ನೀರಿಗೆ ಬಿತ್ತು. ಕಾಕಾ ಗಣಪತಿ ಮೂರ್ತಿ ಮಾಡುವವನೊಬ್ಬನ ಹತ್ತಿರ ಹೋಗಿ ಹೊಸ ತಲೆ ಮಾಡಿಕೊಡಲು ಹೇಳಿದರು. ಅವನು ಹಂಸ ಕಂಡವನಲ್ಲ. ಕೊಕ್ಕು, ಕಣ್ಣು, ಉದ್ದ ಕತ್ತು ಎಂದು ಕಾಕಾ ಕೈಯಲ್ಲೇ ತೋರಿಸಿ ಬಂದರು. ಅವನು ಮನೆಯಂಗಳದಲ್ಲಿ ಓಡಾಡುತ್ತಿದ್ದ ಹಕ್ಕಿಯನ್ನು ನೋಡಿ, ತನಗೆ ಗೊತ್ತಿದ್ದಂತೆ, ಬಹಳ ಶ್ರದ್ಧೆಯಿಂದ ಮಾಡಿದ. ಗೋಣಿಚೀಲ ಬಿಚ್ಚಿದಾಗ ಕೆಂಪು ಜುಟ್ಟು, ಗದ್ದದ ಕೆಳಗೆ ಜೋಲು ಮಾಂಸ, ಎಲ್ಲ ಇದ್ದ ಭರ್ಜರಿ ಹುಂಜದ ತಲೆ ಹೊರಗೆ ಬಂತು. ಲಕ್ಷ್ಮೀಬಾಯಿ ನಕ್ಕು ನಕ್ಕು ಮೀನಿನ ಬುಟ್ಟಿಯ ಮೇಲೇ ಕೂತಳು.

ಕಾಕಾ ನಗಲಿಲ್ಲ. ತಲೆಯ ಸುತ್ತ ಎರಡು ಸುತ್ತು ಹಾಕಿದರು. ಮುಟ್ಟಿ ನೋಡಿದರು. ಆಮೇಲೆ, "ಹಂಸ ಎಲ್ಲಾ ಊರಾಗ ಅವ. ಹುಂಜ ಕಲ್ಯಾಣದಾಗ ಮಾತ್ರ" ಎಂದು ಬೋಲ್ಟು ಹಾಕಿ ಬಿಗಿದರು.

ಅವರು ಹೇಳಿದ್ದೇ ನಿಜವಾಯಿತು. ಕಾಲೇಜಿನ ಹುಡುಗಿಯರು ಹುಂಜದ ಜೊತೆ ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳಲು ಸಾಲು ನಿಂತರು. ಹುಮನಾಬಾದಿನಿಂದ, ಬೇಮಳಖೇಡದಿಂದ ಸಂಸಾರ ಸಮೇತ ಬಂದು "ಕೋಳಿ ದೋಣಿ ಎಲ್ಲಿ ಅದರಿ?" ಎಂದು ಕೇಳುವವರು ಶುರುವಾದರು. "ಕೋಳಿ ಅಲ್ರಿ, ಹುಂಜ" ಎಂದು ಕಾಕಾ ಪ್ರತಿಯೊಬ್ಬರನ್ನೂ ತಿದ್ದುತ್ತಿದ್ದರು. ಹಂಸದ ದೋಣಿ ಖಾಲಿ ನಿಂತಿರುತ್ತಿತ್ತು.

ಅಷ್ಟರಲ್ಲಿ ನಮಗೆಲ್ಲ ನೋಟೀಸು ಬಂತು. ಕೆರೆಯ ಸುತ್ತ ನಡೆದಾಡುವ ದಾರಿ ಆಗುತ್ತದೆ, ದಂಡೆಯ ಗಾಡಿಗಳನ್ನು ತೆಗೆಯಬೇಕು, ಮೊದಲು ಒಬ್ಬ ಸಾಹೇಬರು ಬಂದು ನೋಡಿ ವರದಿ ಕೊಡುತ್ತಾರೆ ಎಂದಿತ್ತು. ಅಂದು ಯಾರ ಗಾಡಿಯಲ್ಲೂ ಒಲೆ ಹತ್ತಲಿಲ್ಲ. ನಾವೆಲ್ಲ ಬೇವಿನ ಗಿಡದ ಕೆಳಗೆ ಕೂತೆವು. ಆ ಗಾಡಿ ಬಿಟ್ಟರೆ ನನಗೆ ಬೇರೆ ದಾರಿ ಇರಲಿಲ್ಲ. ಮಾಣಿಕಪ್ಪನಂತೂ ಬಟ್ಟೆ ಬಡಿಯುವ ಕಲ್ಲನ್ನೇ ಸವರುತ್ತಿದ್ದ.

ಕಾಕಾ ಯೋಚಿಸಿ ಹೇಳಿದರು: "ರೋಡ್ ಕಡಿಯಿಂದ ನೋಡಿದ್ರ ನಮ್ಮ ಬೆನ್ನೇ ಕಾಣ್ತದ. ಹರಕ ತಾಡಪತ್ರಿ, ಕಸದ ಡಬ್ಬಿ. ಸಾಹೇಬರು ನೀರಿನ ಕಡಿಯಿಂದ ನೋಡಬೇಕು. ಆಗ ನಮ್ಮ ಮಾರಿ ಕಾಣ್ತದ."

"ನೀರಿನ ಕಡಿ ಯಾರು ಕರಕೊಂಡು ಹೋಗೋರು?" ಎಂದು ಲಕ್ಷ್ಮೀಬಾಯಿ ಕೇಳಿದಳು. ಕಾಕಾ ಟ್ಯೂಬಿನ ಗಾಳಿ ಒತ್ತಿ ನೋಡಿಕೊಂಡರು.

ಸಾಹೇಬರು ಬಂದರು. ಬಿಳಿ ಅಂಗಿಯ, ಕಡಿಮೆ ಮಾತಿನ ಮನುಷ್ಯ. ದೋಣಿಯಲ್ಲಿ ಬಂದು ನೋಡಬೇಕೆಂದು ಕಾಕಾ ಕೈ ಮುಗಿದರು. ಸಾಹೇಬರು ಹುಂಜವನ್ನೊಮ್ಮೆ, ಟ್ಯೂಬನ್ನೊಮ್ಮೆ ನೋಡಿ, "ನಡೀರಿ, ನೀವೂ ಬರ್ರಿ. ಯಾರ ಗಾಡಿ ಯಾವುದು ಅಂತ ತೋರಸ್ರಿ" ಎಂದುಬಿಟ್ಟರು.

ಕಾಕಾ ಹೆಗಲ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿಕೊಂಡರು. ಆಮೇಲೆ ಹತ್ತಿದರು. ಟ್ಯೂಬಿನ ಸಮೇತ ಸೀಟಿನಲ್ಲಿ ಕೂತಾಗ ಅದು ಎರಡೂ ಬದಿಗೆ ಬಿಗಿಯಾಗಿ ಸಿಕ್ಕಿಕೊಂಡು, ಅವರು ಬೆಣೆ ಹೊಡೆದಂತೆ ಕೂತರು. ಕಣ್ಣು ಮುಚ್ಚಿ ಪೆಡಲ್ ತುಳಿಯತೊಡಗಿದರು. ನೀರಿನ ಮೇಲೆ ಮಾತು ದೂರದ ತನಕ ಕೇಳುತ್ತದೆ, ಆದ್ದರಿಂದ ಮುಂದಿನದೆಲ್ಲ ನಮ್ಮ ಕಿವಿಗೇ ಬಿತ್ತು.

"ಅದು ಲಕ್ಷ್ಮೀಬಾಯಿ ಮೀನಿನ ಜಾಗರಿ. ಅದರ ಬಾಜೂಕ ಬಜ್ಜಿ ಗಾಡಿ."

"ನೀವು ಕಣ್ಣು ಮುಚ್ಚೀರಲ್ಲ. ಹ್ಯಾಂಗ ಗೊತ್ತಾಗ್ತದ?"

"ವಾಸನಿ ಮ್ಯಾಲ ಹೇಳಾಕತ್ತೇನ್ರಿ."

ಕೆರೆಯ ನಡುವೆ ಹೋದಾಗ ಚೈನು ಕಳಚಿತು. ನಲವತ್ತು ವರ್ಷ ಚೈನು ಹಾಕಿದ ಕೈ ಕಾಕಾರದು. ಆದರೆ ಟ್ಯೂಬು ಸಿಕ್ಕಿಕೊಂಡದ್ದರಿಂದ ಬಗ್ಗಲು ಆಗಲಿಲ್ಲ. ಬಿಚ್ಚಲು ಅವರು ಒಪ್ಪಲಿಲ್ಲ. "ಸಾಹೇಬ್ರ, ನೀವೇ ಹಾಕ್ಬೇಕ್ರಿ. ಎಡಗೈಲೆ ಚೈನ್ ಹಿಡೀರಿ. ಬಲಗೈಲೆ ಪೆಡಲ್ ಹಿಂದಕ್ಕ ತಿರುಗಸ್ರಿ. ಇನ್ನೂ ಜರಾ. ಅಲ್ಲ, ನನ್ನ ಕಾಲು ಅದು, ಪೆಡಲ್ ಆ ಕಡಿ ಅದ." ಸಾಹೇಬರು ಬಗ್ಗಿದರು, ಎದ್ದರು, ಮತ್ತೆ ಬಗ್ಗಿದರು. ಅಷ್ಟರಲ್ಲಿ ಗಾಳಿ ಹುಂಜವನ್ನು ನಿಧಾನಕ್ಕೆ ತಳ್ಳಿಕೊಂಡು ಹೋಗಿ ಎಮ್ಮೆಗಳ ನಡುವೆ ನಿಲ್ಲಿಸಿತು. ಕಾಕಾ ಗಂಟೆ ಹೊಡೆಯುತ್ತಲೇ ಇದ್ದರು. ಎಮ್ಮೆಗಳು ಮೆಲುಕು ಹಾಕುತ್ತ ಸಾಹೇಬರನ್ನು ನೋಡುತ್ತಿದ್ದವು.

ಕೊನೆಗೆ ಲಕ್ಷ್ಮೀಬಾಯಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ತನ್ನ ಟ್ಯೂಬು ಹತ್ತಿದಳು. ಎಮ್ಮೆಗಳನ್ನು ಬೈದು ಸರಿಸಿ, ಹುಂಜದ ಕತ್ತಿಗೆ ಹಗ್ಗ ಹಾಕಿ ಎಳೆಯತೊಡಗಿದಳು. "ಸಾಹೇಬ್ರ ನೆಟ್ಟಗ ಕೂಡ್ರಿ. ಕಾಕಾ, ಆ ಗಂಟಿ ಸಾಕು ಮಾಡ್ರಿ, ನನ್ನ ಮೀನು ಅಂಜಾಕತ್ತಾವ" ಎಂದಳು.

ಸಾಹೇಬರು ದಂಡೆಗೆ ಇಳಿದಾಗ ಮೊಣಕೈವರೆಗೆ ಗ್ರೀಸು, ಅಂಗಿಯ ಮೇಲೆ ಐದು ಬೆರಳಿನ ಕರಿ ಗುರುತು. ನಮ್ಮ ಕಥೆ ಮುಗಿಯಿತೆಂದು ನಾನು ಬಾಣಲೆ ಕೆಳಗಿಳಿಸಿದೆ. ಆದರೆ ಮಾಣಿಕಪ್ಪ ಏನೂ ಕೇಳದೆ ಅವರ ಅಂಗಿ ಬಿಚ್ಚಿಸಿಕೊಂಡ. ಸೀಮೆಎಣ್ಣೆ ಹಚ್ಚಿ, ತಿಕ್ಕಿ, ಬಿಸಿಲಿಗೆ ಹರವಿದ. ಅಂಗಿ ಒಣಗುವ ತನಕ ಸಾಹೇಬರು ಬನಿಯನ್ನಿನ ಮೇಲೆ, ಇಸ್ತ್ರಿಗೆ ಬಂದಿದ್ದ ಯಾರದೋ ಹೂವಿನ ಚಾದರ ಹೊದ್ದುಕೊಂಡು ನನ್ನ ಗಾಡಿಯ ಪಕ್ಕ ಕೂತರು. ನಾನು ಮತ್ತೆ ಬಾಣಲೆ ಇಟ್ಟೆ. ಮೂರು ಮಿರ್ಚಿ ತಿಂದ ಮೇಲೆ ಅವರು ತಾವಾಗಿಯೇ ನಗತೊಡಗಿದರು. ಶುರುವಾದದ್ದು ನಿಲ್ಲಲಿಲ್ಲ.

"ಆ ಎಮ್ಮಿ ನನ್ನ ಮಾರಿ ಹ್ಯಾಂಗ ನೋಡ್ತು, ನೋಡಿದಿರೇನು?" ಎಂದು ಕಣ್ಣೀರು ಒರೆಸಿಕೊಂಡರು.

"ನಾ ಕಣ್ಣು ಮುಚ್ಚಿದ್ನಲ್ರಿ" ಎಂದರು ಕಾಕಾ.

ಹೋಗುವಾಗ ಸಾಹೇಬರು ದಂಡೆಯ ಉದ್ದಕ್ಕೂ ಒಬ್ಬರೇ ನಡೆದು ನೋಡಿದರು. ದಾರಿಯನ್ನು ಗಾಡಿಗಳ ಹಿಂದಿನಿಂದ ತರಬಹುದೆಂದು ವರದಿ ಬರೆದರು. ಗಾಡಿಗಳು ಒಂದೇ ಸಾಲಿನಲ್ಲಿರಬೇಕು, ಕಸ ನೀರಿಗೆ ಬೀಳಬಾರದು, ದೋಣಿ ಹತ್ತುವವರೆಲ್ಲ ತೇಲುವ ಜಾಕೀಟು ಹಾಕಬೇಕು ಎಂದು ಷರತ್ತು ಹಾಕಿದರು. ಆ ಕಾಗದದಲ್ಲಿ ಸರ್ಕಾರಿ ಭಾಷೆಯಲ್ಲೇ 'ಹುಂಜದ ಆಕಾರದ ದೋಣಿ' ಎಂದು ಬರೆದಿತ್ತು. ಕಾಕಾ ಅದನ್ನು ಝೆರಾಕ್ಸ್ ಮಾಡಿಸಿ ಮನೆಯಲ್ಲಿ ದೇವರ ಫೋಟೊದ ಪಕ್ಕ ಅಂಟಿಸಿದರು.

ಆಮೇಲೆ ಕೆಲವು ವರ್ಷಕ್ಕೆ ಅವರ ಮೊಣಕಾಲು ಸೋತವು. ದೋಣಿಗಳನ್ನು ಬೇರೆಯವರಿಗೆ ವಹಿಸಿ ಹುಲಸೂರಿನ ಮಗಳ ಮನೆಗೆ ಹೋದರು. ನಾನೂ ಗಾಡಿಯನ್ನು ತಂಗಿಗೆ ಬಿಟ್ಟು ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣ ಖಾನಾವಳಿ ತೆರೆದೆ.

ಹೋದ ವರ್ಷ ಹುಲಸೂರಿನಲ್ಲಿ ಒಂದು ನಿಶ್ಚಿತಾರ್ಥಕ್ಕೆ ಅಡುಗೆ ಮಾಡಲು ಹೋಗಿದ್ದೆ. ಮಧ್ಯಾಹ್ನ ಬಿಡುವಾದಾಗ ಕಾಕಾರನ್ನು ನೋಡಲು ಹೋದೆ. ಮನೆಯ ಮುಂದೆ ಕುರ್ಚಿ ಹಾಕಿ ಕೂತಿದ್ದರು, ಬಹಳ ಸೊರಗಿದ್ದರು. ಎದುರಿಗೆ ನಾಲ್ಕೈದು ಜನ ನಡುವಯಸ್ಸಿನ ಹೆಂಗಸರು, ಒಂದು ಹಳೆಯ ಲೇಡೀಸ್ ಸೈಕಲ್ಲು. ಓಣಿಯ ಹೆಂಗಸರಿಗೆ ಕಾಕಾ ಸೈಕಲ್ ಕಲಿಸುತ್ತಿದ್ದರು. ನಾನು ಅಡುಗೆಯ ಕೈ ಒರೆಸಿಕೊಂಡು ನಮಸ್ಕಾರ ಮಾಡುವುದರೊಳಗೆ, "ನಿನಗ ಬರ್ತದೇನು ತಂಗಿ?" ಎಂದರು. ಇಲ್ಲವೆಂದೆ. "ಹತ್ತು" ಎಂದರು.

ಇಬ್ಬರು ಹೆಂಗಸರು ಹಿಂದೆ ಹಿಡಿದುಕೊಂಡರು. ಕಾಕಾ ಕೂತಲ್ಲಿಂದಲೇ ಹೇಳುತ್ತಿದ್ದರು: "ಗಾಲಿ ನೋಡಬ್ಯಾಡ. ಮುಂದ ನೋಡು. ತುಳಿ, ತುಳಿ." ಮೂರನೆಯ ಸಲ ಹಿಂತಿರುಗಿ ನೋಡಿದರೆ ಹಿಡಿದವರು ಯಾರೂ ಇರಲಿಲ್ಲ. ಓಣಿ ನನ್ನೆದುರಿಗೆ ಓಡಿ ಬರುತ್ತಿತ್ತು. "ಕಾಕಾ, ಇಳಿಯೋದು ಹ್ಯಾಂಗ?" ಎಂದು ಕೂಗಿದೆ.

"ಇವತ್ತು ಹತ್ತೋದು. ಇಳಿಯೋದು ನಾಳಿ ಹೇಳ್ತೀನಿ" ಎಂದು ಹಿಂದಿನಿಂದ ಕೇಳಿಸಿತು.

ಓಣಿಯ ಕೊನೆಯಲ್ಲಿ ಜೋಳದ ದಂಟಿನ ಕಣಿಕೆ ಬಣವೆಯೊಂದಿತ್ತು, ಅದು ನನ್ನನ್ನು ನಿಲ್ಲಿಸಿತು. ತಲೆಯಲ್ಲಿ ಒಣ ಎಲೆಯ ರವದಿ ಸಿಕ್ಕಿಸಿಕೊಂಡು ವಾಪಸ್ ಬಂದಾಗ ಕಾಕಾ ನಗುತ್ತ ಕೆಮ್ಮುತ್ತ ಮಾತಾಡಲಾರದೆ ಕೈಯಲ್ಲೇ ಆಶೀರ್ವಾದ ಮಾಡಿದರು. ಮರುದಿನ ಬೆಳಗ್ಗೆಯೇ ನಾನು ಬಸ್ಸು ಹತ್ತಬೇಕಾಯಿತು. ಎರಡು ತಿಂಗಳಿಗೆ ಅವರು ತೀರಿಹೋದ ಸುದ್ದಿ ಬಂತು.

ಮೊನ್ನೆ ಒಂದು ಸೈಕಲ್ ಕೊಂಡೆ. ಮಾರುಕಟ್ಟೆಗೆ ಅದರ ಮೇಲೆಯೇ ಹೋಗುತ್ತೇನೆ. ಇಳಿಯಲು ಇನ್ನೂ ಬರುವುದಿಲ್ಲ. ನಾನು ಬರುವುದು ಕಂಡರೆ ತರಕಾರಿಯ ನಾಗಮ್ಮ ತಕ್ಕಡಿ ಕೆಳಗಿಟ್ಟು, ಎರಡೂ ಕೈ ಚಾಚಿ ರಸ್ತೆಗೆ ಬಂದು ನಿಲ್ಲುತ್ತಾಳೆ.