ನರ್ಸಮ್ಮನ ಪುಸ್ತಕದ ಕಡ್ಡಿ

ಗ್ರೇಸಮ್ಮನವರ ಸತ್ಯವೇದದೊಳಗೆ, ಅಂದರೆ ಬೈಬಲಿನೊಳಗೆ, ಯಾವಾಗಲೂ ಒಂದು ತೆಂಗಿನ ಕಡ್ಡಿ ಇರುತ್ತಿತ್ತು. ಪೊರಕೆಯಿಂದ ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ಪುಸ್ತಕದ ಉದ್ದಕ್ಕೆ ಸರಿಯಾಗಿ ಮುರಿದ ಕಡ್ಡಿ. ಓದಿ ನಿಲ್ಲಿಸಿದ ಜಾಗಕ್ಕೆ ಅದೇ ಗುರುತು. ದಿನಕ್ಕೆ ಮೂರು ಅಧ್ಯಾಯದಷ್ಟು ಅದು ಮುಂದಕ್ಕೆ ಹೋಗುತ್ತಿತ್ತು, ಹಿಂದಕ್ಕೆ ಬಂದದ್ದನ್ನು ನಾನು ನೋಡಿಲ್ಲ. ಕೊನೆಯ ಹಾಳೆ ಮುಗಿದರೆ ಮಾರನೆಯ ದಿನ ಮತ್ತೆ ಮೊದಲ ಹಾಳೆ. "ನಂಗ್ ಬೇಕಾದ್ದು ಹುಡುಕ್ಕಂಡು ಓದಕ್ಕೆ ಇದೇನ್ ಹೋಟ್ಲಾ? ಬಡಿಸಿದ್ದು ಉಣ್ಣದು ಕಣಪ್ಪ" ಎನ್ನುತ್ತಿದ್ದರು.

ನಮ್ಮ ಹೋಬಳಿಯ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು, ನಿವೃತ್ತಿಯಾದ ಮೇಲೂ ಮಾಯಸಂದ್ರದಲ್ಲೇ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಉಳಿದುಕೊಂಡಿದ್ದರು. ಮದುವೆಯಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಬಿಳಿ ಸೀರೆ ಉಟ್ಟು ತುರುವೇಕೆರೆ ಬಸ್ಸು ಹತ್ತಿ, ಅಲ್ಲಿಂದ ತಿಪಟೂರಿನ ಚರ್ಚಿಗೆ ಹೋಗಿ ಬರುತ್ತಿದ್ದರು. ಆ ಬೀದಿಯಲ್ಲಿ ಕ್ರೈಸ್ತರ ಮನೆ ಅದೊಂದೇ. ಊರಿಗೆಲ್ಲ ಅವರು ನರ್ಸಮ್ಮ. ನನ್ನ ಮಗನೂ ನಮ್ಮಣ್ಣನ ಮಗಳೂ ಭೂಮಿಗೆ ಬಿದ್ದದ್ದು ಅವರ ಕೈಗೇ. ನಾನು ತೋಟದವನು, ಎರಡು ಹಸು ಕಟ್ಟಿದ್ದೇನೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಉಳಿಸಿಕೊಂಡ ಅರ್ಧ ಲೀಟರನ್ನು ಅವರ ಮನೆಗೆ ಕೊಟ್ಟು ಬರುವುದು ನನ್ನ ಪರಿಪಾಠ. ಅವರ ಕಣ್ಣಿಗೆ ಪೊರೆ ಬರುವವರೆಗೆ ನಮ್ಮಿಬ್ಬರ ವ್ಯವಹಾರ ಅಷ್ಟೇ ಇತ್ತು.

ಪೊರೆ ಬಲಿತು ಅಕ್ಷರ ಕಾಣದಾಯಿತು. ಸಕ್ಕರೆ ಕಾಯಿಲೆ ಹತೋಟಿಗೆ ಬರದೆ ಆಪರೇಷನ್ ಮಾಡುವುದಿಲ್ಲ ಎಂದರು ಡಾಕ್ಟರು. ಹಾಸನದಲ್ಲಿದ್ದ ತಂಗಿ ಬಂದು, ಸತ್ಯವೇದವನ್ನು ತಾನೇ ಓದಿ ಹೇಳುವ ಒಂದು ಫೋನು ಕೊಟ್ಟು ಹೋದರು. ನಾಲ್ಕೇ ದಿನಕ್ಕೆ ನರ್ಸಮ್ಮ ಅದನ್ನು ಕಪಾಟಿನೊಳಗೆ ಇಟ್ಟರು. "ಅದು ನಿಲ್ಲದೇ ಇಲ್ಲ ಕಣಪ್ಪ. ತಡಿ ಅಂದ್ರೂ ಓಡ್ತೈತೆ. ನೀನು ಹಾಲು ಬಗ್ಗಿಸಿದ ಮೇಲೆ ಒಂದ್ ಕಾಲು ಗಂಟೆ ಕೂತ್ಕೋ ಚಂದ್ರಪ್ಪ. ಓದಿ ಹೋಗು."

ಹೀಗೆ, ಹಣೆ ತುಂಬ ವಿಭೂತಿ ಬಳಿದುಕೊಂಡ ನಾನು ದಿನಾ ಬೆಳಿಗ್ಗೆ ಅವರ ಜಗಲಿಯ ಮೇಲೆ ಕೂತು ಸತ್ಯವೇದ ಓದುವವನಾದೆ. ಬಸ್ಸಿಗೆ ಹೋಗುವ ಜನ ನಿಂತು ನೋಡುತ್ತಿದ್ದರು. ನನ್ನ ಹೆಂಡತಿ ಗಿರಿಜ, "ಏನ್ರೀ, ನಾಳೆಯಿಂದ ಚರ್ಚಲ್ಲಿ ಪ್ರಸಂಗನೂ ಮಾಡ್ತೀರಾ?" ಎಂದು ಕೇಳಿದಳು. ನನಗೇನೂ ಅರ್ಥವಾಗುತ್ತಿರಲಿಲ್ಲ. ಆಗ ಓದುತ್ತಿದ್ದ ಭಾಗದಲ್ಲಿ ಒಂದು ಗುಡಾರಕ್ಕೆ ಎಷ್ಟು ಮೊಳದ ಪರದೆ, ಎಷ್ಟು ಕೊಂಡಿ, ಎಷ್ಟು ಗೂಟ ಎನ್ನುವ ಲೆಕ್ಕ ದಿನಗಟ್ಟಲೆ ನಡೆಯಿತು. ನರ್ಸಮ್ಮ ಮಾತ್ರ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಊಟಕ್ಕೆ ಕೂತವರ ಹಾಗೆ ಕೇಳುತ್ತಿದ್ದರು. ಮುಗಿದ ಮೇಲೆ ಕಡ್ಡಿ ಇಡಿಸಿ, ದಿನಾ ಒಂದೇ ಪ್ರಶ್ನೆ: "ಹಂಗಾದ್ರೆ ಇವತ್ತಿನ ಕೆಲಸ ಏನು?"

ಅದು ಅವರ ಪದ್ಧತಿ. ಓದಿದ್ದರಿಂದ ಅವತ್ತಿಗೆ ಒಂದು ಕೆಲಸ ಎತ್ತಿಕೊಳ್ಳಬೇಕು, ಸಂಜೆಯೊಳಗೆ ಮುಗಿಸಬೇಕು. ಗುಡಾರದ ಪರದೆಯಿಂದ ಅವರು ಎತ್ತಿಕೊಂಡದ್ದು ಅಂಗನವಾಡಿಯ ಕಿಟಕಿಯನ್ನು. ಬಿಸಿಲಿಗೆ ಮಕ್ಕಳು ಮಲಗುವುದಿಲ್ಲವೆಂದು ತಮ್ಮ ಹಳೇ ಸೀರೆ ಹರಿದು, ನನ್ನ ಕೈಲಿ ಅಳತೆ ತರಿಸಿ, ಪರದೆ ಹೊಲಿಸಿ ಹಾಕಿದರು. ಅಳತೆ ತಪ್ಪಾಗಿ ಪರದೆ ಒಂದು ಗೇಣು ಮೋಟಾಯಿತು. "ಅಲ್ಲಿ ಮೊಳ ಅಂತ ಬರೆದಿತ್ತು, ನೀನ್ ಟೇಪು ತಗಂಡು ಹೋದೆ" ಎಂದು ನಕ್ಕರು.

ನನಗೆ ಬೇಕಾಗಿದ್ದ ಕೆಲಸವೇ ಬೇರೆ. ಅದನ್ನು ಹೇಳಬೇಕೆಂದರೆ ಒಂದು ಮರದ ವಿಷಯ ಹೇಳಬೇಕು. ನನ್ನ ತೋಟಕ್ಕೂ ನಮ್ಮಣ್ಣ ಮಹಾಲಿಂಗಪ್ಪನ ತೋಟಕ್ಕೂ ನಡುವೆ ಒಂದು ಬದು. ಬದುವಿನ ಈಚೆಗಿದ್ದ ಒಂದು ತೆಂಗಿನ ಮರ ಪಾಲಿನಲ್ಲಿ ನನಗೆ ಬಂತು. ಬುಡ ನನ್ನದು. ಮರ ಮಾತ್ರ ಓರೆಯಾಗಿ ಬೆಳೆದು ತಲೆಯನ್ನು ಅಣ್ಣನ ತೋಟದ ಮೇಲೆ ಚಾಚಿತ್ತು. ಬಲಿತ ಕಾಯಿ ಉದುರಿದರೆ ಬೀಳುವುದು ಅವನ ನೆಲಕ್ಕೆ. ಅವನು ಆರಿಸಿಕೊಂಡ. ನಾನು ಕೇಳಿದೆ. ಅವನೊಂದು ಮಾತಾಡಿದ, ನಾನು ಎರಡಾಡಿದೆ. ಎಂಟು ವರ್ಷದಿಂದ ಇಬ್ಬರೂ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆವು. ಕೋರ್ಟಿಗೆ ಹಾಕಲೇ, ಬಿಡಲೇ ಎನ್ನುವುದು ಎಂಟು ವರ್ಷದಿಂದ ನನ್ನ ತಲೆ ತಿನ್ನುತ್ತಿತ್ತು. ಊರ ದೇವರ ಹತ್ತಿರ ಹೂವಿನ ಅಪ್ಪಣೆಯನ್ನೂ ಕೇಳಿದ್ದೆ. ಬಲಕ್ಕೆ ಬಿದ್ದರೆ ಕೇಸು, ಎಡಕ್ಕೆ ಬಿದ್ದರೆ ಬೇಡ. ಹೂವು ನೆಟ್ಟಗೆ ನಡುವೆ ಬಿತ್ತು. ಪೂಜಾರಪ್ಪ, ಇನ್ನೊಂದು ಸೋಮವಾರ ಬಾ ಎಂದ.

ನಮ್ಮ ದೇವರು ಹೇಳದಿದ್ದರೆ ಈ ಪುಸ್ತಕವಾದರೂ ಹೇಳಲಿ ಎಂದು, ಒಂದು ದಿನ ನರ್ಸಮ್ಮ ಟೀ ಕಾಯಿಸಲು ಒಳಗೆ ಹೋದಾಗ ಕಣ್ಣು ಮುಚ್ಚಿ, ಮನಸ್ಸಿನಲ್ಲಿ ಮರವನ್ನು ನೆನೆದು, ಪುಸ್ತಕ ತೆರೆದು ಬೆರಳಿಟ್ಟೆ. ಕಣ್ಣು ಬಿಟ್ಟು ನೋಡಿದರೆ ಯಾವ ಯಾವ ಹಕ್ಕಿಯನ್ನು ತಿನ್ನಬಾರದು ಎನ್ನುವ ಪಟ್ಟಿ. ಹದ್ದು, ಗೂಬೆ, ಕಾಗೆ. ಹುಟ್ಟಿದಾಗಿನಿಂದ ಕೋಳಿಮೊಟ್ಟೆಯನ್ನೂ ಮುಟ್ಟದ ನನಗೆ!

"ಕಡ್ಡಿ ಬೀಳಿಸ್ದಾ?" ಎಂದರು ಒಳಗಿನಿಂದಲೇ. ಕಣ್ಣು ಹೋದ ಮೇಲೆ ಅವರಿಗೆ ಹಾಳೆಯ ಸದ್ದೂ ಕೇಳುತ್ತಿತ್ತು. ನಾನು ಒಪ್ಪಿಕೊಂಡೆ. ಅವರು ಟೀ ಲೋಟ ಕೊಡುತ್ತಾ, "ಇದು ಹೂವಿನ ಅಪ್ಪಣೆ ಅಲ್ಲ ಕಣಪ್ಪ, ಎಡ ಬಲ ಹೇಳಕ್ಕೆ. ದಿನಾ ಜೊತೇಲಿ ಕೂತು ಉಂಡ್ರೆ ಮನೆಯವ್ರ ಮನಸ್ಸು ಗೊತ್ತಾಗಲ್ವಾ, ಹಂಗೆ" ಎಂದರು. ನನಗೆ ಅದೂ ಅರ್ಥವಾಗಲಿಲ್ಲ. ಜೊತೆಯಲ್ಲಿ ಉಂಡು ಬೆಳೆದ ಅಣ್ಣನ ಮನಸ್ಸೇ ನನಗೆ ಗೊತ್ತಿರಲಿಲ್ಲವಲ್ಲ.

ಆಮೇಲೆ ಒಂದು ದಿನ ಓದಿನ ಸರದಿಯಲ್ಲೇ ನನ್ನ ವಿಷಯ ಬಂದುಬಿಟ್ಟಿತು. ಹೊಲದ ಮೂಲೆ ಬಿಟ್ಟು ಕೊಯ್ಯಬೇಕು, ಉದುರಿದ್ದನ್ನು ಆರಿಸಬಾರದು, ಅದು ಬಡವರಿಗೂ ಪರದೇಶಿಗಳಿಗೂ ಇರಲಿ ಎನ್ನುವ ಮಾತು. ನಾನು ಓದುವುದನ್ನು ನಿಲ್ಲಿಸಿ ಕುಣಿದೆ.

"ನೋಡಿದ್ರಾ ನರ್ಸಮ್ಮ? ಉದುರಿದ್ದನ್ನ ಆರಿಸ್ಬಾರ್ದಂತೆ! ನಮ್ಮಣ್ಣ ಬಡವನೂ ಅಲ್ಲ, ಪರದೇಶಿನೂ ಅಲ್ಲ!"

"ಈಗ ಓದ್ತಿರೋದು ಯಾರು? ನಿಮ್ಮಣ್ಣನಾ?"

"ನಾನು."

"ಮತ್ತೆ ನಿಮ್ಮಣ್ಣನ ಕೆಲಸ ಯಾಕ್ ಹುಡುಕ್ತೀಯಾ? ನಿಂದು ನೋಡ್ಕೋ."

ಉದುರಿದ್ದು ನನ್ನ ಕಾಯಿ, ಆರಿಸಿದವನು ಅವನು, ಕೆಲಸ ಮಾತ್ರ ನನಗೆ! ಇದು ಯಾವ ನ್ಯಾಯ ಎಂದು ಗೊಣಗಿಕೊಂಡು ಬಂದೆ. ಎರಡು ದಿನ ಹಾಲನ್ನು ಬಾಗಿಲಲ್ಲೇ ಇಟ್ಟು, ಮೈ ಹುಷಾರಿಲ್ಲ ಎಂದು ಸುಳ್ಳು ಹೇಳಿದೆ. ಮೂರನೆಯ ದಿನ ನಾನೇ ಹೋಗಿ ಕೂತೆ. ಯಾಕೆ ಹೋದೆನೋ ಇವತ್ತಿಗೂ ಹೇಳಲಾರೆ.

ಹೆಸರಿನ ಪಟ್ಟಿಯ ಭಾಗ ಬಂದಾಗ ನನ್ನ ನಾಲಿಗೆ ಬಿದ್ದುಹೋಯಿತು. ಇಂಥವನ ಮಗ ಇಂಥವನು, ಅವನ ಮಗ ಇಂಥವನು ಎಂದು ಮೂರು ದಿನ. "ಇದರಲ್ಲೇನ್ ನರ್ಸಮ್ಮ ಇವತ್ತಿನ ಕೆಲಸ?" ಎಂದು ಕೆಣಕಿದೆ. ಅವರು ಬೀದಿಯ ಕಡೆ ಕಿವಿಕೊಟ್ಟು, "ಈ ರಸ್ತೆ ಗುಡಿಸ್ತಾಳಲ್ಲ, ಆವಮ್ಮನ ಹೆಸರೇನು?" ಎಂದರು. ನನಗೆ ಗೊತ್ತಿರಲಿಲ್ಲ. "ನಂಗೂ ಗೊತ್ತಿಲ್ಲ ಕಣಪ್ಪ. ಐದ್ ವರ್ಷ ಆಯ್ತು. ದೇವ್ರು ಇಷ್ಟು ಜನರ ಹೆಸ್ರು ಬರೆಸಿಟ್ಕಂಡವ್ನೆ. ನಾವು ಒಂದ್ ಹೆಸ್ರು ಕೇಳಕ್ಕಾಗ್ಲಿಲ್ಲ." ಅವತ್ತು ಟೀ ಲೋಟ ಹಿಡಿದು, ಗೋಡೆ ತಡವಿಕೊಂಡು ಗೇಟಿನವರೆಗೆ ಹೋಗಿ ನಿಂತು ಕಾದರು. ಆಕೆಯ ಹೆಸರು ಪುಟ್ಟತಾಯಮ್ಮ. ನನಗೂ ಅವತ್ತೇ ಗೊತ್ತಾಯಿತು, ನನಗೂ ನಾಚಿಕೆಯಾಯಿತು.

ಅವರಿಗೆ ಎಲ್ಲವೂ ತಿಳಿದಿತ್ತು ಎಂದು ನಾನು ಹೇಳುವುದಿಲ್ಲ. ಹಾಸನಕ್ಕೆ ಬಂದು ತನ್ನ ಜೊತೆ ಇರು ಎಂದು ತಂಗಿ ಕರೆಯುತ್ತಲೇ ಇದ್ದರು. ಹೋಗಲೇ, ಇರಲೇ ಎಂದು ಇವರು ತಿಂಗಳುಗಟ್ಟಲೆ ಒದ್ದಾಡಿದರು. ಏನಂತು ನಿಮ್ಮ ಪುಸ್ತಕ ಎಂದು ಕೇಳಿದೆ. "ಏನೂ ಅನ್ಲಿಲ್ಲ. ಇವತ್ತಿಂದು ಹೇಳ್ತೈತೆ, ನಾಳೇದು ಕೇಳಿದ್ರೆ ಸುಮ್ಕಿರ್ತೈತೆ. ನಂಗೂ ಗೊತ್ತಾಗ್ತಿಲ್ಲ ಬುಡು ಚಂದ್ರಪ್ಪ." ಅವರ ದನಿ ಸಣ್ಣದಾಗಿತ್ತು. ಇವರಿಗೂ ಹೀಗೇ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು, ಆಮೇಲೆ ಹೆದರಿಕೆಯೂ ಆಯಿತು. ಗೊತ್ತಿಲ್ಲದೆಯೂ ದಿನಾ ಬೆಳಿಗ್ಗೆ ಸೆರಗು ಎಳೆದುಕೊಂಡು ಕೂರುವುದು ಹೇಗೆ?

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಾವು ಪುಸ್ತಕದ ಕೊನೆಯ ಭಾಗವಾದ ಹೊಸ ಒಡಂಬಡಿಕೆಗೆ ಬಂದಿದ್ದೆವು. ಅದೇ ವಾರ ನಾನು ಗಟ್ಟಿ ಮನಸ್ಸು ಮಾಡಿ, ತುರುವೇಕೆರೆಯ ವಕೀಲರೊಬ್ಬರನ್ನು ಕಾಣಲು ದಿನ ಗೊತ್ತು ಮಾಡಿಕೊಂಡಿದ್ದೆ. ಹೋಗಬೇಕಾಗಿದ್ದ ದಿನ ಬೆಳಿಗ್ಗೆ ಎಂದಿನಂತೆ ಓದಲು ಕೂತೆ. ಓದುತ್ತಾ ಓದುತ್ತಾ ಕಣ್ಣು ಎರಡು ಸಾಲು ಮುಂದೆ ಹೋಯಿತು. ದೇವರಿಗೆ ಕಾಣಿಕೆ ತಂದವನಿಗೆ ತನ್ನ ಮೇಲೆ ಅಣ್ಣನಿಗೋ ತಮ್ಮನಿಗೋ ಮನಸ್ತಾಪವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಒಂದಾಗಬೇಕು ಎನ್ನುವ ಮಾತು ಅಲ್ಲಿ ಕೂತಿತ್ತು. ನನ್ನ ಜೇಬಿನಲ್ಲಿ ತೋಟದ ಪಹಣಿ ಇತ್ತು. ನಾನು ಆ ಸಾಲುಗಳನ್ನು ಹಾರಿಸಿ ಮುಂದಿನದಕ್ಕೆ ಹೋದೆ.

ಮುಗಿಸಿದೆ. ನರ್ಸಮ್ಮ ಕಡ್ಡಿ ಇಡಿಸಲಿಲ್ಲ. "ಇವತ್ತಿನ ಮೊದಲನೇ ಅಧ್ಯಾಯ ಇನ್ನೊಂದ್ಸಲ ಓದ್ತೀಯಾ?" ಎಂದರು. ಮತ್ತೆ ಓದಿದೆ. ಮತ್ತೆ ಅಲ್ಲೇ ಹಾರಿಸಿದೆ.

"ಇವತ್ತಿನ ಕೆಲಸ ಏನು ಅಂತ ನಂಗ್ ಗೊತ್ತಾಗ್ಲಿಲ್ಲ ಕಣಪ್ಪ ಇವತ್ತು" ಎಂದರು. ಹಾಗೆ ಅವರು ಅಂದದ್ದು ಅದೊಂದೇ ದಿನ. ಕಡ್ಡಿ ಸಿಕ್ಕಿಸಿ, ಖಾಲಿ ಕ್ಯಾನು ಎತ್ತಿಕೊಂಡು ಓಡಿ ಬಂದೆ.

ತುರುವೇಕೆರೆಗೆ ಹೋದೆ. ವಕೀಲರು ಯಾರದೋ ಮದುವೆಗೆ ಹೋಗಿದ್ದರು. ಇದು ದೇವರು ಕೊಟ್ಟ ಸೂಚನೆಯೋ, ಮದುವೆ ಸೀಸನ್ನೋ ತಿಳಿಯದೆ ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನದವರೆಗೆ ಕೂತಿದ್ದೆ. ಆಮೇಲೆ ಮತ್ತೆ ಹೋಗಲಿಲ್ಲ. ಅಣ್ಣನ ಮನೆಗೂ ಹೋಗಲಿಲ್ಲ. ಊರ ದೇವರ ಹೂವಿನ ಹಾಗೆ ನಡುವೆಯೇ ಬಿದ್ದುಕೊಂಡೆ.

ಚಳಿಗಾಲದಲ್ಲಿ ಸಕ್ಕರೆ ಇಳಿದು ಅವರ ಕಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಬಂದವರು ಮೊದಲು ನನ್ನ ಮುಖ ನೋಡಿ, "ಎಷ್ಟ್ ನರೆತೋಗಿದ್ದೀಯಲ್ಲೋ!" ಎಂದರು. ಇನ್ನು ನೀನು ಕಷ್ಟಪಡಬೇಡ, ನಾನೇ ಓದಿಕೊಳ್ಳುತ್ತೇನೆ ಎಂದರು. ನಾನು ಹಾಲು ಬಗ್ಗಿಸಿ ಬರುವವನಾದೆ. ಬೆಳಗಿನ ಆ ಕಾಲು ಗಂಟೆ ಏನು ಮಾಡಬೇಕೆಂದು ತಿಳಿಯದೆ ಡೈರಿಯ ಮುಂದೆ ನಿಲ್ಲುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಗಿತ್ತು, ಆ ಕನ್ನಡಕದ ಮೇಲೆ.

ಕೊನೆಯ ಸಲ ಕಂಡದ್ದು ಯುಗಾದಿ ಕಳೆದ ಮೇಲೆ. ಬಾಗಿಲಲ್ಲಿ ನಿಂತು ಪಾತ್ರೆ ಹಿಡಿದು, "ಮಹಾಲಿಂಗಪ್ಪನ ಮಗಳಿಗೆ ಗಂಡು ಬಂದಿತ್ತಂತೆ, ಕೇಳ್ದಾ?" ಎಂದರು. ಕೇಳಿಲ್ಲ ಎಂದೆ. "ಹೂಂ" ಎಂದರು. ಇನ್ನೇನೋ ಹೇಳುವವರ ಹಾಗೆ ನನ್ನನ್ನೇ ನೋಡಿದರು. "ಹಾಲು ಇವತ್ತು ಗಟ್ಟಿಯಾಗೈತೆ" ಎಂದು ಒಳಗೆ ಹೋದರು. ಮಾರನೆಯ ದಿನ ಬೆಳಿಗ್ಗೆ ಕದ ತಟ್ಟಿದರೆ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು.

ತಿಪಟೂರಿನಲ್ಲಿ ಮಣ್ಣು ಮಾಡಿದೆವು. ಪುಟ್ಟತಾಯಮ್ಮ ನನಗಿಂತ ಹೆಚ್ಚು ಅತ್ತಳು. ಮೂರನೆಯ ದಿನ ಮನೆ ಖಾಲಿ ಮಾಡುವಾಗ ತಂಗಿ ನನ್ನನ್ನು ಕರೆದು, "ಇದನ್ನ ನೀವೇ ಓದ್ತಿದ್ರಂತಲ್ಲ, ನಿಮ್ಮ ಹತ್ರಾನೇ ಇರ್ಲಿ" ಎಂದು ಸತ್ಯವೇದವನ್ನು ಕೈಗಿಟ್ಟರು. ಅಲ್ಲೇ ಜಗಲಿಯ ಮೇಲೆ ತೆರೆದೆ. ಒಂದು ಕಡ್ಡಿ ಎಂದಿನಂತೆ ತನ್ನ ಸರದಿಯಲ್ಲಿ, ಕೊನೆ ಮುಟ್ಟಿ ಮತ್ತೆ ಮೊದಲಿನಿಂದ ಹೊರಟು, ಪುಸ್ತಕದ ಮೊದಲ ಭಾಗದಲ್ಲಿತ್ತು. ಅದನ್ನು ತೆಗೆಯುವಾಗ ಬಹಳ ಮುಂದೆಲ್ಲೋ ಇನ್ನೊಂದು ಕಡ್ಡಿ ಕೈಗೆ ತಗಲಿತು. ಅದೇ ಅಳತೆಗೆ ಮುರಿದದ್ದು, ಒರೆಸಿದ್ದು. ನಾನು ಹಾರಿಸಿದ ಸಾಲುಗಳಿದ್ದ ಪುಟದಲ್ಲಿ ಅದು ನೆಟ್ಟಗೆ ಕೂತಿತ್ತು.

ಕೋಪ ಬಂತು. ಗೊತ್ತಿದ್ದ ಮೇಲೆ ಹೇಳಬಾರದಿತ್ತೇ? ಬೈಯಬಾರದಿತ್ತೇ? ಕಣ್ಣು ಬಂದ ಮೇಲೆ ಒಂದು ದಿನ ಕೂರಿಸಿಕೊಂಡು ತಾವೇ ಓದಿ ಹೇಳಬಹುದಿತ್ತು. ನಾನೇ ಒಂದು ದಿನ ಬಂದು ಓದುತ್ತೇನೆಂದು ಕಾದರೇ? ಆಮೇಲೆ ಅಳು ಬಂತು. ಎರಡರಲ್ಲಿ ಯಾವುದು ಮೊದಲು ಬಂತೆನ್ನುವುದೂ ಈಗ ಸರಿಯಾಗಿ ನೆನಪಿಲ್ಲ.

ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆದುಕೊಟ್ಟು ನೋಡಿದರೆ, ಕೈ ತನ್ನ ಪಾಡಿಗೆ ಅರ್ಧ ಲೀಟರ್ ಉಳಿಸಿಕೊಂಡಿತ್ತು. ಮನೆಗೆ ತಂದರೆ ಗಿರಿಜ ಮೊಸರು ಮಾಡೋಣ ಎನ್ನುತ್ತಿದ್ದಳು. ನಾನು ಕ್ಯಾನು ಹಿಡಿದು ತೋಟದೊಳಗೆ ನಡೆದೆ. ಓರೆ ಮರದ ಕೆಳಗೆ ಬದು ದಾಟಿದೆ. ಅಣ್ಣನ ಮನೆಯ ಅಂಗಳದಲ್ಲಿ ನಿಂತೆ. ಅವನು ಹಲ್ಲುಜ್ಜುತ್ತಾ ಹೊರಗೆ ಬಂದವನು ಹಾಗೇ ನಿಂತ. ಎಂಟು ವರ್ಷಕ್ಕೆ ಬೇಕಾದಷ್ಟು ಮಾತು ಕೂಡಿಟ್ಟಿದ್ದೆ.

"ಹಾಲು" ಎಂದೆ.

"ಎಷ್ಟು?"

"ಅರ್ಧ ಲೀಟ್ರು. ನರ್ಸಮ್ಮಂದು."

ಅವನು ಬಾಯಿ ಮುಕ್ಕಳಿಸಿ, ಮುಖ ಒರೆಸಿಕೊಂಡು, ಒಳಗೆ ಹೋಗಿ ತಾನೇ ಪಾತ್ರೆ ತಂದು ಹಿಡಿದ. ಬಗ್ಗಿಸುವಾಗ ಸ್ವಲ್ಪ ಹಾಲು ನೆಲಕ್ಕೆ ಚೆಲ್ಲಿತು.

"ನಾಳೆನೂ ತತ್ತೀಯೇನ್ಲಾ?" ಎಂದ.

"ಇವತ್ತಿಂದು ಇವತ್ತು. ನಾಳೇದು ನಂಗಿನ್ನೂ ಗೊತ್ತಿಲ್ಲ ಕಣಣ್ಣ" ಎಂದೆ. ಅಣ್ಣ ಎಂದು ಕರೆದದ್ದು ನನಗೆ ತಿಳಿದದ್ದು ಬದು ದಾಟಿ ಈಚೆ ಬಂದ ಮೇಲೆ.